ದಾರಿಹಾಡಿನ ಒಡೆಯ

"ಹಾಡ್ತೀಯೋ, ಇಲ್ಲ ನಾಲಿಗೆ ಕಿತ್ತು ಕೈಗೆ ಕೊಡ್ಲೋ?"

ಬುಲೆ ತನ್ನ ಚಿಕ್ಕಪ್ಪ ಮಾಗೆಕಾನ್‌ನ ಎದೆಗೆ ಕೈಹಾಕಿ ಬೇಲಿಗೆ ಒತ್ತಿ ಹಿಡಿದಿದ್ದ. ಪಕ್ಕದ ಅಂಗಳದಲ್ಲಿ, ಚಾಪೆಯಲ್ಲಿ ಸುತ್ತಿಟ್ಟ ಬುಲೆಯ ಅಪ್ಪ ಬೊಂಗ್ನೈಮ್‌ನ ಹೆಣ. ಬಿಸಿಲೇರುತ್ತಿತ್ತು. ನೊಣ ಮುತ್ತುತ್ತಿದ್ದವು. ಚಿಕ್ಕಪ್ಪ ಆಗಲ್ಲವೆಂದು ತಲೆಯಾಡಿಸಿದ.

ಅಂಬ್ರಿಮ್ ದ್ವೀಪದ ನಮ್ಮೂರಲ್ಲಿ ದಾರಿಹಾಡು ಹಾಡದೆ ಮಣ್ಣು ಮಾಡಿದರೆ ಸತ್ತವನಿಗೆ ಬೆಂಕಿಬೆಟ್ಟದ ದಾರಿ ಸಿಗುವುದಿಲ್ಲ. ಮನೆಯ ಸುತ್ತಲೇ ಅಲೆಯುತ್ತಾನೆ. ಆ ಹಾಡಿಗೆ ಒಬ್ಬನೇ ಒಡೆಯ. ಬೇರೆಯವರು ಬಾಯಿಗೆ ತಂದರೆ ಕಳ್ಳತನ. ತೋಟವಾದರೆ ಅಪ್ಪ ಸತ್ತ ಮೇಲೂ ಮಗನಿಗೆ ಬರುತ್ತದೆ, ಹಾಡು ಬರುವುದಿಲ್ಲ. ಒಡೆಯ ಬದುಕಿದ್ದಾಗಲೇ ಊರೆದುರು ಇನ್ನೊಬ್ಬನಿಗೆ ಒಪ್ಪಿಸಬೇಕು.

ಅಣ್ಣ ಬೊಂಗ್ನೈಮ್‌ಗೆ ತೋಟ, ತಮ್ಮ ಮಾಗೆಕಾನ್‌ಗೆ ಬರೀ ಹಾಡು. ಅವರಪ್ಪ ಮಾಡಿಟ್ಟ ಪಾಲು ಅದು. "ಹಾಡನ್ನೇ ಸುಟ್ಕೊಂಡು ತಿನ್ನು" ಎಂದು ಬೊಂಗ್ನೈಮ್ ಹಂಗಿಸುತ್ತಿದ್ದ. ಆದರೂ ಊರವರು ಹಾಡುಗಾರನಿಗೇ ಮೊದಲ ಮಾಂಸ ಬಡಿಸುವಾಗ ಅಣ್ಣನ ಹೊಟ್ಟೆ ಉರಿಯುತ್ತಿತ್ತು. ಗಟ್ಟಿಮುಟ್ಟಾಗಿದ್ದ ಬೊಂಗ್ನೈಮ್ ನಿನ್ನೆ ತೆಂಗಿನಮರದಿಂದ ಬಿದ್ದು ಅಲ್ಲೇ ಸತ್ತ. ವರ್ಷದಿಂದ ರಾಜಧಾನಿ ಪೋರ್ಟ್ ವಿಲಾದಲ್ಲಿದ್ದ ಬುಲೆ ಸುದ್ದಿ ಕೇಳಿ ಬೆಳಗಿನ ಹಡಗಿನಲ್ಲಿ ಬಂದಿಳಿದಿದ್ದ.

"ತೋಟ ಬೇಕಾ? ತಗೋ! ಹೊಳೆಬದಿದು ಪೂರ್ತಿ ನಿಂದೇ. ಹಾಡು!"

"ಏನ್ ಕೊಟ್ರೂ ಆಗಲ್ಲ ಮಗಾ."

"ಸತ್ತೋನ ಮೇಲೂ ಸೇಡಾ? ಥೂ!"

ಉಗುಳು ಕೆನ್ನೆಗೆ ಬಿತ್ತು. ಮಾಗೆಕಾನ್ ಒರೆಸಿಕೊಳ್ಳಲಿಲ್ಲ. ಅಬ್ಬಾ, ಅದೆಂಥ ಕಲ್ಲೆದೆ! ಊರವರೆಲ್ಲ ನೆಲ ನೋಡುತ್ತಿದ್ದರು. ಒಬ್ಬನಾದರೂ ಬುಲೆಯ ಪರ ಬಾಯಿಬಿಡಬೇಡವೇ?

ಬೇಲಿಯಾಚೆ, ಮಾಗೆಕಾನ್‌ನ ಹಿತ್ತಲಲ್ಲಿ ಹಂದಿಯೊಂದು ಗುರುಗುಟ್ಟಿತು. ಕೋರೆ ಸುರುಳಿ ಸುತ್ತಿದ ಹಂದಿ. ಬುಲೆಗೆ ತಕ್ಷಣ ಗುರುತು ಸಿಕ್ಕಿತು.

"ಅಪ್ಪನ ಹಂದಿ! ಹೆಣ ಆರೋಕೆ ಮುಂಚೆ ಕದ್ಯಾ?"

"ಕದ್ದಿಲ್ಲ." ಮಾಗೆಕಾನ್ ಹೆಣದ ಕಡೆ ನೋಡಿದ. "ಅವನು ನನ್ನ ಅಣ್ಣ ಕಣೋ. ಹಾಡೋ ಹಾಗಿದ್ರೆ ನೀನು ಕೇಳೋವರೆಗೂ ಕಾಯ್ತಿದ್ನಾ?"

ಬುಲೆ ಕೈ ಎತ್ತಿದ. ಹೊಡೆಯುವ ಮೊದಲು ಅವನ ತಾಯಿ ಲೈಮಾಲ್ ಹೆಣದ ಬಳಿಯಿಂದೆದ್ದು ಬಂದು ಆ ಕೈ ಹಿಡಿದಳು.

"ಬಿಡೋ ಅವನನ್ನ. ಹೋದ ತಿಂಗಳು ಇವನು, ಮುಂದೆ ಬರೋ ಮಗನ ಮದುವೆಗೆ ತೆರ ಕೊಡೋಕೆ ಹಂದಿ ಇಲ್ದೆ ಒದ್ದಾಡ್ತಿದ್ದ. ನಿಮ್ಮಪ್ಪನೇ ಆ ಹಂದಿ ಕೊಟ್ಟು, ಊರೆದುರು ಹಾಡು ಕೊಂಡ್ಕೊಂಡ. ತಮ್ಮನ ಬಾಯಿ ಮುಚ್ಚಿಸ್ಬೇಕಿತ್ತಂತೆ."

ಅವಳು ಚಾಪೆಯ ಕಡೆ ಬೆರಳು ತೋರಿಸಿದಳು.

"ಹಾಡಿನ ಒಡೆಯ ಅಲ್ಲಿ ಮಲಗಿದಾನೆ. ಹೋಗು, ಅವನನ್ನೇ ಹಾಡು ಅನ್ನು."