ಬೆರಳಾಡಿಸುವ ಪಾಳಿ

ದವಾಖಾನೆಯ ನರ್ಸ್ ತಾಜಬೀ ನಂಬರು ಒತ್ತಿ ಫೋನು ಕಿವಿಗಿಟ್ಟುಕೊಂಡಳು. ಎದುರಿನ ಮಂಚದ ಮೇಲೆ ಕೂತಿದ್ದ ಯಮನೂರಪ್ಪನ ಅಂಗಿಯ ಜೇಬು ರಿಂಗಾಗತೊಡಗಿತು.

"ಇದು ನಿಮ್ಮದ ನಂಬರ ಐತಲ್ರಿ ಯಮನೂರಣ್ಣ! ನಾ ಕೇಳಿದ್ದು ಮನಿ ಮಂದೀದು."

"ಬಾಯಾಗ ಇದೊಂದ ನಂಬರ ಬರತೈತ್ರಿ ಸಿಸ್ಟರ್."

"ಬ್ಯಾರೆ ಯಾರೂ ಇಲ್ಲೇನ್ರಿ?"

ಫೋನು ಇನ್ನೂ ರಿಂಗಾಗುತ್ತಲೇ ಇತ್ತು. ಬಹಳ ದಿನದ ಮೇಲೆ ಬಂದ ಕರೆ. ನಿಲ್ಲಿಸಲು ಮನಸ್ಸಾಗಲಿಲ್ಲವೋ ಏನೋ, ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಕೊನೆಗೆ ತಾಜಬೀಯೇ ಕರೆ ಕತ್ತರಿಸಿದಳು.

ಯಮನೂರಪ್ಪ ಮರಳಿ ಎಂಬ ಊರಿನ ಹತ್ತಿರದ ಕಾಲುವೆಯಲ್ಲಿ ನೀರಿನ ಗೇಟು ಕಾಯುವ ಗ್ಯಾಂಗ್‌ಮನ್. ಗೇಟಿನ ಪಕ್ಕದ ಕೋಣೆಯೇ ಮನೆ. ಹೆಂಡತಿ ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಸದ್ದು ಮಾಡುವುದೆಂದರೆ ಹೊರಗಿನ ನೀರು, ಒಳಗಿನ ಅವನ ಕೆಮ್ಮು, ಎರಡೇ. ಹಳೆಯ ಟಿ.ಬಿ. ವಾಸಿಯಾಗಿ ವರ್ಷಗಳಾಗಿದ್ದವು. ಮೊನ್ನೆ ಮಾತ್ರ ಕೆಮ್ಮಿದ್ದೇ ತಡ, ಬೊಗಸೆ ತುಂಬ ರಕ್ತ ಬಂತು. ಬಸ್ಸು ಹಿಡಿದು ತಾನೇ ದವಾಖಾನೆಗೆ ಬಂದಿದ್ದ, ಬಾಯಿಗೆ ಟವೆಲು ಒತ್ತಿಕೊಂಡು.

ಡಾಕ್ಟರು ಶಾಂಭವಿ ಬಂದವರೇ, ರೋಗಿಯ ಕಡೆಯವರಿಗೆಂದು ಮಂಚದ ಕಾಲ್ದೆಸೆಯಲ್ಲಿಟ್ಟಿದ್ದ ಖಾಲಿ ಸ್ಟೂಲಿನ ಮೇಲೆ ಕೂತರು.

"ನೋಡ್ರಿ ಯಮನೂರಪ್ಪ, ಎದಿ ಒಳಗ ಒಂದು ರಕ್ತನಾಳ ಸೋರಾಕತ್ತೈತಿ. ತೊಡಿ ಸಂದಿಯಿಂದ ಸಣ್ಣ ನಳಿಗಿ ಹಾಕಿ ಅಲ್ಲೀತನಕ ಹೋಗ್ತೀವಿ. ರವಾಕ್ಕಿಂತ ಸಣ್ಣ ಕಾಳು ಬಿಡ್ತೀವಿ. ಅವು ಹೋಗಿ ಸೋರೂ ಕಡೆ ಕುಂದರ್ತಾವ, ರಕ್ತ ನಿಲ್ತೈತಿ."

ಇದು ಅವನಿಗೆ ಗೊತ್ತಿದ್ದ ವಿದ್ಯೆ. ಗೇಟು ಸೋರಿದರೆ ಅವನು ಮಾಡುತ್ತಿದ್ದುದೂ ಇದನ್ನೇ: ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತಂದು ಗೇಟಿನ ಮೇಲ್ಗಡೆ ಸುರಿಯುವುದು. ನೀರೇ ಅದನ್ನು ಎಳೆದೊಯ್ದು ಬಿರುಕಿಗೆ ತುರುಕುತ್ತದೆ. ಗೊತ್ತಿದ್ದುದರಿಂದಲೇ ಅವನಿಗೆ ಭಯ ಹುಟ್ಟಿತು. ಹೊಟ್ಟಿಗೆ ಕಣ್ಣಿಲ್ಲ. ಬಿರುಕನ್ನು ತಪ್ಪಿಸಿ ಹರಿವಿನ ಬೆನ್ನು ಹತ್ತಿತೆಂದರೆ ಕೆಳಗೆ ಯಾರದೋ ಹೊಲದ ತೂಬಿನಲ್ಲಿ ಕೂತು, ಪಾಪ, ಅವರ ಗದ್ದೆ ಒಣಗಿಸುತ್ತದೆ.

"ಹೊಟ್ಟು ಹೇಳಿದ ಮಾತು ಕೇಳೂದಿಲ್ರಿ ಡಾಕ್ಟರಮ್ಮಾರ. ಹಾದಿ ತಪ್ಪಿ ಬ್ಯಾರೆ ಕಡೆ ಕುಂತ್ರ?"

ಶಾಂಭವಿ ನಗಲಿಲ್ಲ. "ನನ್ನ ಅಂಜಿಕಿನೂ ಅದ ಐತಿ. ಕೆಲವು ಮಂದಿಗೆ ಬೆನ್ನುಹುರಿಗೆ ಹೋಗೂ ಸಣ್ಣ ನಾಳ ಅಲ್ಲೇ ಕವಲ ಒಡದಿರತೈತಿ. ಕಾಳು ಅದರಾಗ ಹೊಕ್ರ ಕಾಲಿನ ಶಕ್ತಿ ಹೋಗಬಹುದು. ಅದಕ್ಕ ಮೊದಲ ಬಣ್ಣದ ಔಷಧ ಬಿಟ್ಟು, ಪರದೆ ಮ್ಯಾಲೆ ಹಾದಿ ನೋಡ್ತೀವಿ. ಕವಲು ಕಂಡ್ರ ಅದನ್ನ ದಾಟಿ ಮುಂದ ಹೋಗ್ತೀವಿ. ದಾಟಾಕ ಆಗಲಿಲ್ಲಂದ್ರ ಕಾಳು ಬಿಡೂದ ಇಲ್ಲ. ಭಾಳ ಸಣ್ಣ ಕಾಳೂ ಬಳಸೂದಿಲ್ಲ, ಅವು ಬ್ಯಾಡಾದಲ್ಲಿ ನುಸುಳ್ತಾವ. ನಿಮಗ ಎಚ್ಚರ ಇರತೈತಿ. ಕಾಲಬೆರಳು ಆಡಸ್ರಿ ಅಂದಾಗೆಲ್ಲ ಆಡಿಸಿ ತೋರಸಬೇಕು. ಅದು ನಿಮ್ಮ ಕೆಲಸ."

"ಕೆಲಸ ಅಂದ್ರ ಮಾಡ್ತೀನ್ರಿ," ಎಂದ.

ನಳಿಗೆ ಹಾಕುವ ಒಳಗಿನ ಕೋಣೆ ತಣ್ಣಗಿತ್ತು. ಮುಖ ಮುಚ್ಚಿಕೊಂಡವರಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಶಾಂಭವಿಯ ದನಿಯೊಂದು ಮಾತ್ರ ಗುರುತು.

"ಯಮನೂರಪ್ಪ, ಬೆರಳು?"

"ಆಡ್ತಾವ್ರಿ."

ಸ್ವಲ್ಪ ಕಾಳು. ಮತ್ತೆ ಪರದೆ. ಮತ್ತೆ ಅದೇ ದನಿ. "ಬೆರಳು?"

"ಆಡ್ತಾವ್ರಿ."

ಮೊದಮೊದಲು ಆ ಪ್ರಶ್ನೆ ಬಂದಾಗೆಲ್ಲ ಅವನ ಎದೆ ಧಸಕ್ಕೆನ್ನುತ್ತಿತ್ತು. ಬರಬರುತ್ತ ಪ್ರಶ್ನೆ ತಡವಾದರೆ ಧಸಕ್ಕೆನ್ನತೊಡಗಿತು. ಇನ್ನೊಂದು ಸಲ ಕೇಳಲಿ ಅನ್ನಿಸುತ್ತಿತ್ತು. ಕಾಲುವೆ ದಂಡೆಯ ಮೇಲೆ ಹೋಗಿ ಬರುವ ಎಲ್ಲರೂ ಕೇಳುತ್ತಿದ್ದುದು ನೀರು ಯಾವಾಗ ಬರುತ್ತದೆ ಎಂದು. ಅವನ ಕಾಲು ಹೇಗಿವೆ ಎಂದು ಯಾರು ಕೇಳಿದ್ದರು?

ರಕ್ತ ನಿಂತಿತು. ವಾರ್ಡಿಗೆ ತಂದು ಮಲಗಿಸಿದರು. "ಕಾಲು ಮಡಚಬ್ಯಾಡ್ರಿ. ಬೆರಳು ಆಡಸ್ತಾ ಇರ್ರಿ," ಎಂದು ಹೇಳಿ ಶಾಂಭವಿ ಹೋದರು. ಸಂಜೆಯ ತನಕ ತಾಜಬೀ ಬಂದಾಗೆಲ್ಲ ಕೇಳಿದಳು, ಅವನು ತೋರಿಸಿದ. ಆಮೇಲೆ ಅವಳ ಪಾಳಿ ಮುಗಿಯಿತು.

ಬೆಳಿಗ್ಗೆ ಅವಳು ಬಂದು ನೋಡಿದರೆ ಯಮನೂರಪ್ಪನ ಕಣ್ಣು ಕೆಂಪಾಗಿದ್ದವು. ಮೀನಖಂಡ ಸೆಟೆದು ಗಂಟಾಗಿತ್ತು. ಬೆರಳುಗಳು ಮಾತ್ರ ಮೆಲ್ಲಗೆ ಆಡುತ್ತಲೇ ಇದ್ದವು.

"ಅಯ್ಯ, ರಾತ್ರಿಯೆಲ್ಲ ಇದನ್ನ ಮಾಡೀರೇನ್ರಿ?"

"ಹೂಂ ಮತ್ತ. ನಮ್ಮ ಕಾಲುವ್ಯಾಗ ಒಮ್ಮೆ ಗೇಟ ಕಾಯಿ ಅಂದ್ರ, ಸಾಹೇಬ್ರು ಸಾಕು ಅನ್ನೂತನಕ ಬಿಟ್ಟು ಹೋಗಂಗಿಲ್ರಿ. ಡಾಕ್ಟರಮ್ಮಾರು ಸಾಕು ಅಂದಿಲ್ಲಲ್ಲ."

ತಾಜಬೀ ನಕ್ಕ ನಗೆಗೆ ಅಕ್ಕಪಕ್ಕದ ಮಂಚದವರು ತಿರುಗಿ ನೋಡಿದರು. "ಯವ್ವಾ, ನಿಮ್ಮಂಥ ಪೇಶೆಂಟು ಎಲ್ಲರಿಗೂ ಸಿಗ್ಲಿ! ಸಾಕ್ರಿ ಯಮನೂರಣ್ಣ, ಸಾಕು. ಆಗಲೇ ರಿಪೋರ್ಟ್ ನೋಡಿ ಡಾಕ್ಟರಮ್ಮಾರ ಹೇಳ್ಯಾರ. ಕಾಲು ಛಲೋ ಅದಾವ, ಎದಿನೂ ಛಲೋ ಐತಿ. ಇನ್ನ ಯಾರೂ ಬಂದು ಕೇಳೂದಿಲ್ಲ."

"ಯಾರೂ?"

"ಯಾರೂ ಇಲ್ರಿ. ಆರಾಮ ಮಲಕೋರಿ."

ಖುಷಿಯ ಸುದ್ದಿ ಹೇಳಿದ ಖುಷಿಯಲ್ಲಿ ಅವಳು ಹೊದಿಕೆ ಸರಿಮಾಡಿ ಮುಂದಿನ ಮಂಚಕ್ಕೆ ಹೋದಳು. ಯಮನೂರಪ್ಪ ಹೇಳಿದಂತೆ ಬೆರಳು ನಿಲ್ಲಿಸಿದ, ಕಣ್ಣು ಮುಚ್ಚಿದ. ನಿದ್ದೆ ಹತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊದಿಕೆಯ ಅಂಚಿನಿಂದ ಅವನ ಎರಡು ಹೆಬ್ಬೆರಳು ಹೊರಗೆ ಬಂದವು. ಕಾಲ್ದೆಸೆಯ ಖಾಲಿ ಸ್ಟೂಲಿನ ಕಡೆ ತಿರುಗಿ, ಯಾರೋ ಏನೋ ಕೇಳಿದರೆನ್ನುವಂತೆ, ಮೆಲ್ಲಗೆ ತಲೆ ಆಡಿಸಿದವು.