ಲಯನೆಲ್ ಥ್ರಿಂಗ್‌ಗೆ ಎಷ್ಟು ಕಾಲಂ?

"ಈಜುಟೋಪಿ ಎಲ್ಲಿಟ್ಟೆಯೇ? ಆತ ಗೇಟಿಗೆ ಬಂದೇಬಿಟ್ಟ!"

ಹೆಸ್ಟರ್ ಕೆಂಪು ರಬ್ಬರ್ ಟೋಪಿ ತಂದು ಗಂಡನ ಬೋಳುತಲೆಗೆ ಎಳೆದು ಕೂರಿಸಿದಳು. ಕಾದಂಬರಿಕಾರ ಲಯನೆಲ್ ಥ್ರಿಂಗ್ ಈಜುಟೋಪಿಯಿಲ್ಲದೆ ಒಂದಕ್ಷರ ಬರೆಯುವುದಿಲ್ಲ, ಬರೆದದ್ದನ್ನು ಮೊದಲು ಕೋಳಿಗಳಿಗೆ ಓದಿ ಹೇಳುತ್ತಾನೆ ಎಂಬುದು ಸಫೊಕ್‌ನ ಆ ಹಳ್ಳಿಗೆಲ್ಲ ಗೊತ್ತಿತ್ತು. ಈಚೆಗೆ ಕೇಳುವವರೂ ಕೋಳಿಗಳಷ್ಟೇ.

ಲಂಡನ್ನಿನ ಪತ್ರಿಕೆಗಳು ಹೆಸರಾದವರ ಮರಣಲೇಖನವನ್ನು ಅವರು ಬದುಕಿರುವಾಗಲೇ ಬರೆಸಿ ಕಪಾಟಿನಲ್ಲಿಟ್ಟಿರುತ್ತವೆ. ಆ ವಿಭಾಗದ ಕ್ರಾಬ್ ಎಂಬಾತ ಬರುವುದಾಗಿ ಕಾಗದ ಬಂದಿತ್ತು. ಟಪಾಲು ಯಾರ ಹೆಸರಿಗೆ ಬಂತೆಂದು ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಬಂದದ್ದನ್ನೆಲ್ಲ ಲಯನೆಲ್ಲೇ ಒಡೆಯುತ್ತಿದ್ದ. ಪತ್ರಿಕೆಯ ಹೆಸರು ಕಂಡದ್ದೇ ಕುಣಿದಾಡಿದ, ಮುಂದಕ್ಕೆ ಓದಲಿಲ್ಲ.

ಅವನ ಹಳೆಯ ಪ್ರತಿಸ್ಪರ್ಧಿ ಸತ್ತಾಗ ಎರಡು ಕಾಲಂ ಬಂದಿತ್ತು. "ನನಗೆ ಒಂದಾದ್ರೂ ಕೊಡ್ತಾರೇನೇ?" ಎಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಹೆಸ್ಟರಳಿಗೂ ಅದೇ ಚಿಂತೆ. ಊರ ಗ್ರಂಥಾಲಯ ಅವನ ಹನ್ನೊಂದು ಪುಸ್ತಕಗಳನ್ನು ರದ್ದಿಗೆ ಹಾಕಿದಾಗ ಅವಳೇ ಗುಟ್ಟಾಗಿ ತಂದು, ಹೂಕುಂಡಗಳ ಹಿಂದೆ ಬಚ್ಚಿಟ್ಟಿದ್ದಳು. ಒಂದು ಕಾಲಂ ಸಿಕ್ಕಿಬಿಟ್ಟರೆ ಈ ಮನುಷ್ಯ ನೆಮ್ಮದಿಯಾಗಿ ಮುದುಕನಾದಾನು. ತಾನೂ ನೆಮ್ಮದಿಯಾಗಿ ಮುದುಕಿಯಾಗಬಹುದು.

ಕ್ರಾಬ್ ಬೇಲಿಯ ಹಳದಿ ಗುಲಾಬಿಯ ಮುಂದೆ ನಿಂತುಬಿಟ್ಟಿದ್ದ. "ನಮ್ಮೂರ ಸ್ಟೇಷನ್ನಿನಲ್ಲೂ ಇದೇ!"

"ಅದು ಇವಳ ಮುಳ್ಳುಗಿಡ ಕಣ್ರೀ. ಕುಂಚ ಹಿಡಿದು ಒಂದು ಹೂವಿನ ಧೂಳು ಇನ್ನೊಂದಕ್ಕೆ ಸವರ್ತಾ ಇರ್ತಾಳೆ. ಹೊತ್ತು ಹೋಗ್ಬೇಕಲ್ಲ! ಬನ್ನಿ, ನನ್ನ ಕೋಳಿಗಳನ್ನ ನೋಡಿ."

ಲಯನೆಲ್ ಒಂಬತ್ತನೆಯ ಅಧ್ಯಾಯ ಓದಿದ. ಎರಡು ಕೋಳಿ ನಿದ್ದೆಹೋದವು. ಕ್ರಾಬ್ ಮೆಲ್ಲಗೆ ಜಾರಿ ಅಡುಗೆಮನೆಗೆ ಬಂದ. ಹೆಸ್ಟರ್ ಉಗುರಿನ ಮಣ್ಣನ್ನು ಏಪ್ರನ್ನಿನಲ್ಲಿ ಅಡಗಿಸಿ ಚಹಾ ಬಗ್ಗಿಸಿದಳು.

"ನೀವು ಹುಟ್ಟಿದ್ದೆಲ್ಲಿ, ಮಿಸೆಸ್ ಥ್ರಿಂಗ್?"

ಹೆಂಡತಿಯ ವಿವರವೂ ಬೇಕಾಗುತ್ತದೇನೋ ಎಂದುಕೊಂಡು ಹೇಳಿದಳು. ಶಾಲೆ ಕೇಳಿದ, ತಂದೆಯ ಕಸುಬು ಕೇಳಿದ. "ನನ್ನದ್ಯಾಕೆ ಬಿಡಿ. ಅವರು ಚಳಿಗಾಲದಲ್ಲೂ ಟೋಪಿ ತೆಗೆಯಲ್ಲ, ಅದನ್ನ ಬರ್ಕೊಳ್ಳಿ" ಎಂದಳು. ಆತ ನಕ್ಕ, ಬರೆದುಕೊಳ್ಳಲಿಲ್ಲ. ಅವಳು ಬಿಸ್ಕತ್ತಿನ ತಟ್ಟೆಯನ್ನು ಆತನತ್ತ ಇನ್ನಷ್ಟು ಸರಿಸಿದಳು.

"ಒಂದು ಕಾಲಂ ಆದ್ರೂ ಸಿಗುತ್ತಾ, ಸಾರ್?"

"ಒಂದಾ? ಎರಡೂವರೆ! ಫೋಟೋ ಬೇರೆ."

ಅವಳು ಬಾಗಿಲಿಂದಲೇ ಕೂಗಿದಳು: "ರೀ, ಎರಡೂವರೆಯಂತೆ!" ಅಂಗಳದಲ್ಲಿ ಟೋಪಿ ಗಾಳಿಗೆ ಹಾರಿತು. ಕೋಳಿಗಳು ದಿಕ್ಕಾಪಾಲಾದವು.

ಗೇಟಿನ ಬಳಿ ಕ್ರಾಬ್ ಟೈಪಾದ ಹಾಳೆಯೊಂದನ್ನು ಅವಳ ಕೈಗಿತ್ತ. "ಕಚೇರಿಯಲ್ಲಿ ಸಿದ್ಧ ಮಾಡಿದ್ದು. ಕೊನೆಯ ಸಾಲು ಈಗಷ್ಟೇ ಸೇರಿಸಿದೆ. ಇಸವಿಗಳನ್ನ ನೋಡಿ ಕಳಿಸಿ, ನಮಗೇನೂ ಅವಸರವಿಲ್ಲ."

ಆತ ಹೋದ ಮೇಲೆ ಹೆಸ್ಟರ್ ಕನ್ನಡಕ ಹಾಕಿಕೊಂಡಳು. ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: "ಹೆಸ್ಟರ್ ಥ್ರಿಂಗ್ — ಚಳಿಗೆ ಜಗ್ಗದ ಹಳದಿ ಗುಲಾಬಿಯನ್ನು ಬ್ರಿಟನ್ನಿನ ಬೇಲಿಬೇಲಿಗೂ ಕೊಟ್ಟಾಕೆ." ಕೊನೆಯಲ್ಲಿ, ಪೆನ್ಸಿಲಿನಲ್ಲಿ: "ಪತಿ ಇದ್ದಾರೆ. ಕೋಳಿ ಸಾಕುತ್ತಾರೆ."