ಬೆಚ್ಚಗಿನ ಗೂಡು

ಚೀಲದಿಂದ ತೆಗೆದ ಹೊಸ ಸೋಪಿನ ಮೂಲೆಯಲ್ಲಿ ಹಲ್ಲಿನ ಗುರುತು ಕಂಡದ್ದೇ ಅವಳು ಅದನ್ನು ಬೆಳಕಿಗೆ ಹಿಡಿದಳು. ಕಡಲಹಕ್ಕಿಗಳನ್ನು ಕಾಯಲೆಂದೇ ಗಂಡನ ಜೊತೆ ಈ ದ್ವೀಪದಲ್ಲಿದ್ದವಳು ಅವಳು. ಇಲ್ಲಿ ಇಲಿಯೆಂಬುದೇ ಇರಲಿಲ್ಲ.

“ರೀ, ದೋಣಿಯಿಂದ ಇಳಿಸಿದ ಚೀಲಾನ ಬಾಗಿಲು ಮುಚ್ಚಿದ ಕೋಣೇಲಿ ಸುರಿದು ನೋಡಿದ್ರಿ ತಾನೇ?”

ಗಂಡ ಒದ್ದೆ ಬೂಟು ಕಳಚುತ್ತಾ ನಕ್ಕ. “ಮಗಳು ಕಳಿಸಿದ ಚೀಲ ಅಲ್ವಾ ಅಂತ ಸೀದಾ ಇಲ್ಲಿಗೇ ತಂದೆ. ಒಂದು ಇಲಿ ಬಂದ್ರೆ ಏನು ಪ್ರಳಯ ಆಗತ್ತೆ?”

“ಇಲ್ಲಿನ ಹಕ್ಕಿಗಳಿಗೆ ಇಲಿ ಅಂದ್ರೆ ಏನಂತಲೇ ಗೊತ್ತಿಲ್ಲ ರೀ. ಮೈಮೇಲೆ ಹತ್ತಿ ಕಚ್ಚಿದ್ರೂ ಕೂತಲ್ಲೇ ಕೂತಿರ್ತವೆ.”

ಅವನ ನಗು ಅರ್ಧಕ್ಕೇ ನಿಂತಿತು. ಅವಳು ಚೀಲದ ತಳಕ್ಕೆ ಕೈ ಹಾಕಿದಳು. ಮಗಳು ಹೆಣೆದ ಉಣ್ಣೆಯ ಟೋಪಿ ಚಿಂದಿಯಾಗಿತ್ತು. ಮರಿ ಹಾಕಲು ಯಾವುದೋ ಇಲಿ ಅದನ್ನು ಗುಂಡಗೆ ಗೂಡು ಮಾಡಿಕೊಂಡಿತ್ತು. ಗೂಡು ಖಾಲಿ. ಆದರೆ ಇನ್ನೂ ಬೆಚ್ಚಗಿತ್ತು.

ತಿರುಗಿ ನೋಡಿದರೆ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಾಚೆ, ನೆಲದ ಬಿಲದಲ್ಲಿ ಮರಿಯಿಟ್ಟುಕೊಂಡ ಹಕ್ಕಿಯೊಂದು ಕತ್ತು ಓರೆ ಮಾಡಿ, ಹುಲ್ಲಿನೊಳಗೆ ತನ್ನತ್ತಲೇ ಬರುತ್ತಿದ್ದ ಏನನ್ನೋ ಕುತೂಹಲದಿಂದ ನೋಡುತ್ತಿತ್ತು.